ಹನಿಯ ಮಹಜರು

ಊಟದ ಮೇಜಿನ ಮೇಲೆ, ಅದೂ ಸರಿಯಾಗಿ ಯಜಮಾನನ ತಟ್ಟೆ ಇಡುವ ಜಾಗದಲ್ಲೇ, ಚಾವಣಿಯಿಂದ ಹನಿ ಬೀಳಲು ಶುರುವಾಗಿ ಮೂರು ವಾರವಾಗಿತ್ತು. ಯಜಮಾನನಿಗೆ ಕನ್ನಡಕದ ಅಂಗಡಿ. ದಿನವಿಡೀ ಪರರ ಕಣ್ಣಿಗೆ ಗಾಜು ಕೂರಿಸಿ "ಈಗ ಕಾಣುತ್ತಾ? ಈಗ?" ಎಂದು ಕೇಳುವ ಕೆಲಸ. ಹಾಗಾಗಿ ತನಗೆ ಕಂಡದ್ದೇ ಸರಿ ಎಂಬ ಧೈರ್ಯ ಅವನಿಗೆ ಸ್ವಲ್ಪ ಹೆಚ್ಚು. ಕಂಡದ್ದು ಇಷ್ಟೇ: ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಸ್ನಾನಕ್ಕೆ ಹೋದರೆ ಕೆಳಗೆ ಹನಿ ಬೀಳುತ್ತದೆ.

ಮೇಷ್ಟ್ರು ಒಪ್ಪುವ ಜಾಯಮಾನದವರಲ್ಲ. "ನಾನು ಎಂಟು ಚೊಂಬಲ್ಲಿ ಸ್ನಾನ ಮುಗಿಸೋನು. ಅದು ನಿಮ್ಮ ಚಾವಣಿಯ ಬೆವರು" ಎಂದುಬಿಟ್ಟರು.

ಬೆವರು ಎಂದ ಮೇಲೆ ಕನ್ನಡಕದವನ ಪಿತ್ತ ನೆತ್ತಿಗೇರಿತು. ದೂರು ಕಟ್ಟಡದ ಸಂಘಕ್ಕೆ ಹೋಯಿತು. ಸಂಘದ ಕಾರ್ಯದರ್ಶಿ ಎಂದರೆ ಕಾನೂನು ಕಾಗದದ ಮನುಷ್ಯ. ಸೋರಿಕೆಗೂ ಒಂದು ಕ್ರಮ ಮಾಡಿಟ್ಟಿದ್ದ. ಬಚ್ಚಲಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಎರಡು ಬೆರಳು ಆಳಕ್ಕೆ ಬಣ್ಣದ ನೀರು ನಿಲ್ಲಿಸಿ, ಎರಡು ಗಂಟೆ ಕಾಯುವುದು. ಯಾರ ಬಣ್ಣ ಕೆಳಗಿಳಿಯಿತೋ ಅವರ ಬಚ್ಚಲಿನ ನೆಲ ಅಂದೇ ಒಡೆಸುವುದು. ಇಳಿಯಲಿಲ್ಲವೋ, ಮಹಜರು ಬರೆದು, ದೂರು ಕೊಟ್ಟವರ ಸಹಿ ಹಾಕಿಸಿ, ವಿಷಯ ಮುಚ್ಚುವುದು. ಆಮೇಲೆ ಯಾರೂ ಆ ಮಾತು ಎತ್ತುವ ಹಾಗಿಲ್ಲ.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಪ್ಲಂಬರ್ ಬಣ್ಣದ ಪುಡಿಯ ಡಬ್ಬಿಗಳನ್ನು ಹಿಡಿದು ಬಂದ. ಮೇಷ್ಟ್ರು ಬಾಗಿಲಲ್ಲೇ ಅಡ್ಡ ನಿಂತರು.

"ನಮ್ಮೊಬ್ಬರಿಗೇ ಯಾಕಪ್ಪಾ ಪರೀಕ್ಷೆ? ದೂರು ಕೊಟ್ಟೋರ ಮನೆಗೂ ಹಾಕು. ನ್ಯಾಯ ಅಂದ್ರೆ ಇಬ್ಬರಿಗೂ ಒಂದೇ."

"ಧಾರಾಳವಾಗಿ ಹಾಕಲಿ" ಎಂದ ಕನ್ನಡಕದವನು. "ನಮ್ಮದು ಹೊಸ ಟೈಲ್ಸು, ಹಾಕಿಸಿ ಇನ್ನೂ ತಿಂಗಳಾಗಿಲ್ಲ."

ಹಿಂದೆ ನಿಂತಿದ್ದ ಹೆಂಡತಿ ಅವನ ಅಂಗಿ ಜಗ್ಗಿದಳು. ಆ ಟೈಲ್ಸಿಗಾಗಿ ಅವಳು ಏಳು ವರ್ಷ ಬೇಡಿದ್ದಳು. ಹನ್ನೊಂದು ಅಂಗಡಿ ಅಲೆದು, ಎಳೆಹಸಿರಿನಲ್ಲಿ ಸಣ್ಣ ಬಿಳಿ ಬಳ್ಳಿ ಇರುವುದನ್ನು ಆರಿಸಿ ತಂದಿದ್ದಳು. ಈಗಲೂ ದಿನಾ ಸ್ನಾನದ ನಂತರ ಒಣಬಟ್ಟೆಯಲ್ಲಿ ಒರೆಸುತ್ತಾಳೆ.

"ರೀ, ಇಲ್ಲದ ಉಸಾಬರಿ ನಮಗ್ಯಾಕೆ?" ಎಂದಳು ಮೆಲ್ಲಗೆ.

"ನೀನು ಸುಮ್ಮನಿರು. ಕೈ ಶುದ್ಧ ಇರೋರಿಗೆ ಹೆದರಿಕೆ ಯಾಕೆ?"

ಮೇಷ್ಟ್ರ ಬಚ್ಚಲಿಗೆ ಕೆಂಪು, ಇವರ ಬಚ್ಚಲಿಗೆ ಹಳದಿ ಬಿತ್ತು. ಕಾರ್ಯದರ್ಶಿ ಗಡಿಯಾರ ನೋಡಿ ಎರಡು ಗಂಟೆ ಎಂದು ಬರೆದುಕೊಂಡ. ಎಲ್ಲರೂ ಊಟದ ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು, ಮುಖ ಮೇಲೆತ್ತಿ ಕೂತರು. ಮೇಜಿನ ಮೇಲೆ ಬಿಳಿ ತಟ್ಟೆ. ಅರ್ಧ ಗಂಟೆ ಕಳೆದ ಮೇಲೆ ಒಂದು ಹನಿ ಬಿತ್ತು. ನಾಲ್ಕು ತಲೆ ತಟ್ಟೆಯ ಮೇಲೆ ಬಾಗಿದವು.

"ಬಿಳಿ" ಎಂದರು ಮೇಷ್ಟ್ರು.

"ಒಂಚೂರು ಕೆಂಪು ಛಾಯೆ ಇದೆ" ಎಂದ ಕನ್ನಡಕದವನು.

"ನಿಮ್ಮ ಕಣ್ಣು ಒಮ್ಮೆ ತೋರಿಸಿಕೊಳ್ಳಿ."

ಒಂದು ಗಂಟೆಯಾಯಿತು. ಎಲ್ಲರ ಕುತ್ತಿಗೆಯೂ ಹಿಡಿದುಕೊಂಡಿತು. ಪ್ಲಂಬರ್ ಕೂತಲ್ಲೇ ತೂಕಡಿಸಿದ. ಮತ್ತೊಂದು ಹನಿ, ಅದೂ ಬಿಳಿ. ಕನ್ನಡಕದವನು ಅಂಗಡಿಯಿಂದ ತಂದಿಟ್ಟಿದ್ದ ಭೂತಗನ್ನಡಿ ಹಿಡಿದು ನೋಡಿದ, ಕಿಟಕಿಯ ಬೆಳಕಿಗೆ ಒಯ್ದು ನೋಡಿದ. ನೀರು ನೀರಿನ ಹಾಗೇ ಇತ್ತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಟೈಲರಮ್ಮ ನಿಂತಿದ್ದಳು. ಕೈಯಲ್ಲಿ ಶಾಲೆಯ ಬಿಳಿ ಅಂಗಿ. ಅದರ ಬೆನ್ನಿನ ಮೇಲೆ ಅಂಗೈಯಗಲದ ಹಳದಿ ಕಲೆ.

"ಅಣ್ಣಾ, ನಿಮ್ಮನೇಲಿ ಏನಾದ್ರೂ ಚೆಲ್ಲಿತಾ? ಇಷ್ಟು ದಿನ ಬರೀ ನೀರು ಬೀಳ್ತಿತ್ತು, ಬಕೆಟ್ ಇಟ್ಕೊಂಡಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ಮನಿದ್ದೆ. ಇವತ್ತು ಬಣ್ಣ ಬರ್ತಿದೆ."

ಇಷ್ಟು ಹೊತ್ತು ಎಲ್ಲರೂ ನೋಡಿದ್ದು ಮೇಲಕ್ಕೆ. ಕೆಳಗೊಂದು ಮನೆಯಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾಲ್ಕು ಹೊಡೆಯಿತು. ಕಾರ್ಯದರ್ಶಿ ಮಹಜರು ಓದಿದ: "ಮೇಲಿನ ಮನೆಯ ಬಣ್ಣ ಇಳಿದಿಲ್ಲ, ಆ ಮನೆ ನಿರ್ದೋಷಿ. ಈ ಮನೆಯ ಬಣ್ಣ ಇಳಿದಿದೆ, ನೆಲ ಒಡೆಯತಕ್ಕದ್ದು." ಕನ್ನಡಕದವನು ತಲೆ ತಗ್ಗಿಸಿ ಸಹಿ ಹಾಕಿದ. ಮೇಷ್ಟ್ರ ಬಚ್ಚಲಿನ ತೂತಿನ ಬಟ್ಟೆ ಕಿತ್ತು ಕೆಂಪು ನೀರನ್ನು ಕೊಳವೆಗೆ ಬಿಟ್ಟರು. ಇಲ್ಲಿ ಪ್ಲಂಬರ್ ಸುತ್ತಿಗೆ ಎತ್ತಿಕೊಂಡ. ಒಂದೊಂದು ಪೆಟ್ಟಿಗೂ ಅಡುಗೆಮನೆಯಲ್ಲಿ ಒಂದೊಂದು ಪಾತ್ರೆ ಸದ್ದು ಮಾಡಿತು. ಐದೂವರೆಗೆ ಎಳೆಹಸಿರು ಟೈಲ್ಸೆಲ್ಲ ಬಿಳಿ ಬಳ್ಳಿಯ ಸಮೇತ ಚೂರಾಗಿ ಚೀಲ ಸೇರಿತು. ಚೀಲ ಹೊತ್ತವನು ಯಜಮಾನನೇ. ಅವನ ಮೈತುಂಬ ಸಿಮೆಂಟಿನ ದೂಳು.

ಗೆದ್ದವರಿಗೆ ಔದಾರ್ಯ ಬೇಗ ಬರುತ್ತದೆ. ಮೇಷ್ಟ್ರು ಮೆಟ್ಟಿಲಲ್ಲಿ ಎದುರಾಗಿ, "ಛೆ, ಏನು ಅವಸ್ಥೆ ಇದು. ನಿಮ್ಮ ಕೆಲಸ ಮುಗಿಯೋವರೆಗೂ ಮನೆಮಂದಿಯೆಲ್ಲ ನಮ್ಮಲ್ಲೇ ಸ್ನಾನ ಮಾಡಿ. ಸಂಕೋಚ ಬೇಡ" ಎಂದರು.

ಬೇರೆ ದಾರಿಯೂ ಇರಲಿಲ್ಲ. ಆರು ಗಂಟೆಗೆ ಕನ್ನಡಕದವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹತ್ತಿದ. ದೂಳು ತೊಳೆಯಲು ಎಂಟು ಚೊಂಬು ಸಾಲಲಿಲ್ಲ. ಮೂರು ಬಕೆಟ್ ಬೇಕಾಯಿತು. ತೂತಿನ ಸುತ್ತ ಉಳಿದಿದ್ದ ಕೆಂಪೂ ಅದರ ಜೊತೆ ಕೊಳವೆಗೆ ಹೋಯಿತು. ತಲೆ ಒರೆಸಿಕೊಳ್ಳುತ್ತಾ ಕೆಳಗಿಳಿದಾಗ ಹೆಂಡತಿ ಊಟದ ಮೇಜಿನ ಬಳಿ ನಿಂತಿದ್ದಳು.

ತಟ್ಟೆಯಲ್ಲಿ ಹನಿ ಬೀಳುತ್ತಿತ್ತು. ಒಂದರ ಹಿಂದೆ ಒಂದು, ಅಚ್ಚ ಕೆಂಪು.

ಅವನು ಒದ್ದೆ ತಲೆಯಲ್ಲೇ ಓಡಿ ಕಾರ್ಯದರ್ಶಿಯನ್ನೂ ಮೇಷ್ಟ್ರನ್ನೂ ಎಳೆದು ತಂದ. "ನೋಡಿ, ಕಣ್ಣಾರೆ ನೋಡಿ. ಇದು ಬಿಳಿನಾ?"

ಮೇಷ್ಟ್ರು ಬಗ್ಗಿ ನೋಡಿದರು. "ಕೆಂಪೇ. ಆದ್ರೆ ನಾನು ನಿನ್ನೆಯಿಂದ ಸ್ನಾನವೇ ಮಾಡಿಲ್ಲವಲ್ಲ."

ಕಾರ್ಯದರ್ಶಿ ಮಹಜರು ಬಿಡಿಸಿ ಸಹಿಯ ಮೇಲೆ ಬೆರಳಿಟ್ಟ. "ನಾಲ್ಕು ಗಂಟೆಗೇ ಇವರ ಮನೆ ನಿರ್ದೋಷಿ ಅಂತ ನೀವೇ ಒಪ್ಪಿದ್ದೀರಿ. ಅದಾದ ಮೇಲೆ ಅಲ್ಲಿ ಸ್ನಾನ ಮಾಡಿದ್ದು ಯಾರು?"

"ನಾನೇ."

"ಹಾಗಾದ್ರೆ ಇದೂ ನಿಮ್ಮ ನೀರೇ" ಎಂದು ಬರೆದುಕೊಂಡು, ಕೆಳಗೆ ಇನ್ನೊಂದು ಸಹಿಗೆ ಪೆನ್ನು ಮುಂದೆ ಹಿಡಿದ.