ಶ್ರೀಲಂಕಾಕ್ಕೆ ಹೋದ ಹದಿನಾಲ್ಕು ರವಿಕೆಗಳು

ಹದಿನೆಂಟು ವರ್ಷದಿಂದ ಆಂಧ್ರದ ಆದೋನಿಯಲ್ಲಿ ರವಿಕೆ ಹೊಲಿಯುತ್ತಿದ್ದೇನೆ. ಕೊಟ್ಟ ತಾರೀಖು ಒಮ್ಮೆಯೂ ತಪ್ಪಿಸಿದವಳಲ್ಲ. ಈ ಮಾತನ್ನು ಎಲ್ಲರಿಗೂ ನಾನೇ ಹೇಳಿಕೊಂಡು ಬಂದಿದ್ದೇನೆ, ಯಾಕೆಂದರೆ ಬೇರೆ ಯಾರೂ ಹೇಳುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಮಹಿಳಾ ಸಂಘದ ಅಧ್ಯಕ್ಷೆ, ಹತ್ತಿ ಸಾಹುಕಾರರ ಮನೆಯ ಶರಣಮ್ಮನವರು ಒಂದು ಸುದ್ದಿ ತಂದರು. ಶ್ರೀಲಂಕಾದ ಚಹಾ ತೋಟದ ಹೆಣ್ಣುಮಕ್ಕಳಿಗೆ ಹತ್ತು ದಿನ ಹೊಲಿಗೆ ಕಲಿಸಬೇಕು, ಜೊತೆಗೆ ತಾವೂ ಬರುತ್ತಾರಂತೆ. ಸಂಬಳವಿಲ್ಲದ ಸೇವೆ, ಆದರೆ ಊಟ, ವಸತಿ, ವಿಮಾನ ಎಲ್ಲ ಕರೆಸಿಕೊಳ್ಳುವವರದೇ. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಿಡುವು, ಭಾನುವಾರ ಊರು ನೋಡುವುದು. ನನಗೋ ಮದುವೆಯಾದ ಮೇಲೆ ಕಂಡ ಅತಿ ದೂರದ ಊರೆಂದರೆ ಪಕ್ಕದ ಪತ್ತಿಕೊಂಡ! ಅವರು ಮಾತು ಮುಗಿಸುವ ಮೊದಲೇ "ಬರ್ತೀನ್ರಿ ಅಕ್ಕಾರ" ಎಂದುಬಿಟ್ಟೆ.

ತೊಡಕು ಒಂದೇ. ಅದು ಮದುವೆಯ ಕಾಲ, ಹದಿನಾಲ್ಕು ರವಿಕೆ ಹೊಲಿಯುವುದು ಬಾಕಿ ಇತ್ತು. ಅದರಲ್ಲಿ ಒಂದು ಎದುರು ಮನೆಯ ಸರೋಜಕ್ಕನ ಮಗಳು ಪಲ್ಲವಿಯದು. ಧಾರೆ ಸೀರೆಯ ಜೊತೆಗೇ ಬಂದ ಕೆಂಪು ರೇಷ್ಮೆಯ ತುಂಡು, ಜರಿ ಅಂಚು. ನಾನು ವಾಪಸು ಬಂದ ನಾಲ್ಕನೇ ದಿನಕ್ಕೆ ಲಗ್ನ.

"ನಾಗವೇಣಿ, ಖಾದರ್ ಮಾಸ್ತರಿಗೆ ಕೊಡ್ತೀನಿ ಬಿಡು. ನೀ ಆರಾಮ ಹೋಗಿ ಬಾ," ಎಂದಳು ಸರೋಜಕ್ಕ.

ಖಾದರ್ ಮಾಸ್ತರು ಬಜಾರಿನಲ್ಲಿ ನನ್ನ ಪ್ರತಿಸ್ಪರ್ಧಿ. ಅಂದರೆ, ಹಾಗೆಂದು ನಾನು ತಿಳಿದಿದ್ದೇನೆ. ಅವರಿಗೆ ಈ ವಿಷಯ ಗೊತ್ತಿಲ್ಲ.

"ಯಾಕಕ್ಕಾ? ಅಲ್ಲೂ ಮಿಷಿನ್ ಅದಾವು. ಮುಂಜಾನಿ ಕಲಿಸ್ತೀನಿ, ಮಧ್ಯಾಹ್ನ ಹೊಲೀತೀನಿ. ಪಲ್ಲವಿದು ನನ್ನ ಕೈಯಾಗೇ ಆಗಬೇಕು!" ಎಂದು ತುಂಡನ್ನು ಕಸಿದುಕೊಂಡೆ.

ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ತೂಗುವ ನಮ್ಮವರು ನನ್ನ ಚೀಲವನ್ನು ಎತ್ತಿ ನೋಡಿದರು. "ನೀ ಹೊಂಟಿದ್ದು ಸೇವಾ ಮಾಡಾಕೋ, ಊರು ನೋಡಾಕೋ, ಜಾಕೀಟು ಹೊಲಿಯಾಕೋ?"

"ಮೂರಕ್ಕೂ!"

"ಒಂದರ ಆಗಲಿ," ಎಂದು ಹಾರೈಸಿ ಡ್ಯೂಟಿಗೆ ಹೋದರು.

ಹೊಸ ತುಂಡುಗಳು ಒಂದು ಚೀಲದಲ್ಲಿ, ಅಳತೆಗೆ ಕೊಟ್ಟ ಹಳೆಯ ರವಿಕೆಗಳು ಇನ್ನೊಂದು ಚೀಲದಲ್ಲಿ. ಚೆನ್ನೈ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಆ ಹಳೆಯವನ್ನು ಒಂದೊಂದಾಗಿ ಎತ್ತಿ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹದಿನಾಲ್ಕರಲ್ಲಿ ಒಂದೂ ನನ್ನ ಅಳತೆಯದಲ್ಲ ಎಂದು ಅವಳಿಗೆ ತಿಳಿಯಿತು. ಸಾಲಿನಲ್ಲಿದ್ದ ಎಲ್ಲರಿಗೂ ತಿಳಿಯಿತು.

ಶ್ರೀಲಂಕಾದಲ್ಲಿ ನನ್ನ ಪಾಠ ಅದ್ಭುತವಾಗಿ ಸಾಗಿತು. ಅದೇ ಕಷ್ಟವಾಯಿತು! ಶಿಷ್ಯೆಯರು ಹದಿನಾಲ್ಕು ಜನ, ಮಿಷಿನ್ ನಾಲ್ಕು. ಊಟವಾದ ಮೇಲೂ ಒಬ್ಬಳೂ ಏಳಲೊಲ್ಲಳು. ನನಗೆ ಅವರ ತಮಿಳು ಬರದು, ಅವರಿಗೆ ನನ್ನ ಕನ್ನಡವೂ ತೆಲುಗೂ ಬರದು. "ನೀವು ಹೋಗಿ, ನಾನು ಹೊಲಿಯಬೇಕು" ಎಂದು ಕೈಸನ್ನೆ ಮಾಡಿದರೆ, ಇನ್ನೊಂದು ಪಾಠವೆಂದು ತಿಳಿದು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಆರು ದಿನ ಕಳೆಯಿತು. ನನ್ನ ಕತ್ತರಿ ಒಂದು ರವಿಕೆಯನ್ನೂ ಮುಟ್ಟಿರಲಿಲ್ಲ.

ಏಳನೇ ದಿನ ಭಾನುವಾರ. ಮಿಷಿನ್‌ಗಳು ಖಾಲಿ! ಬುದ್ಧಿ ಇದ್ದವಳಾಗಿದ್ದರೆ ಕೂತು ಹೊಲಿಯುತ್ತಿದ್ದೆ. ಆದರೆ ಹೊರಗೆ ಜಲಪಾತಕ್ಕೆ ಹೋಗುವ ವ್ಯಾನು ನಿಂತಿತ್ತು. ಶರಣಮ್ಮನವರು ಮಂಡಿನೋವೆಂದು ಉಳಿದರು, ನಾನು ವ್ಯಾನು ಹತ್ತಿದೆ.

ಜಲಪಾತದ ಮುಂದೆ ನಿಂತಿದ್ದಾಗಲೇ ಸರೋಜಕ್ಕನ ವಿಡಿಯೋ ಕಾಲ್ ಬಂತು. ಗಾಬರಿಯಲ್ಲಿ ಎತ್ತಿಬಿಟ್ಟೆ.

"ಪಲ್ಲವಿದು ಎಲ್ಲೀತನ ಬಂತು?"

"ಅದನ್ನೇ ಹೊಲಿಯಾಕ ಕುಂತೀನಕ್ಕಾ."

"ನಿನ್ನ ಹಿಂದ ಏನದು, ನೀರು ಬೀಳ್ತೈತಲ್ಲ?"

"ಟ್ಯಾಂಕ್ ತುಂಬಿ ಹರೀತೈತಕ್ಕಾ."

"ಅಷ್ಟು ದೊಡ್ಡ ಟ್ಯಾಂಕಾ!"

"ಫಾರಿನ್ ಅಲ್ಲೇನಕ್ಕಾ!"

ಸಂಜೆ ಮರಳಿದಾಗ ಶರಣಮ್ಮನವರು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು.

"ಎಷ್ಟು ದೊಡ್ಡ ಮನಸ್ಸಿನಾಕಿ ನೀನು! ಒಂದು ಮಾತು ಹೇಳಲಿಲ್ಲ ನೋಡು. ಚೀಲ ತೆಗೆದು ಎಣಿಸಿದೆ, ಹದಿನಾಲ್ಕು ಮಂದಿಗೆ ಸರಿಯಾಗಿ ಹದಿನಾಲ್ಕು ಪೀಸು! ಇವತ್ತು ದಿನ ಚಲೋ ಐತಿ ಅಂತ ಎಲ್ಲಾರನ್ನೂ ಕರೆಸಿ, ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬಿಬಿಟ್ಟೆ. ನಿನ್ನ ಹೆಸರಲೇ ಮತ್ತ!"

ಅವರ ತಪ್ಪೇನಿದೆ? ನಮ್ಮ ಕಡೆ ಹೆಂಗಸೊಬ್ಬಳು ಹದಿನಾಲ್ಕು ಹೊಸ ರವಿಕೆ ತುಂಡು ಹೊತ್ತುಕೊಂಡು ಪರದೇಶಕ್ಕೆ ಹೊರಟಳೆಂದರೆ ಅದು ಉಡಿ ತುಂಬಲಿಕ್ಕೇ ಇರಬೇಕು. ಹೊಲಿಯಲಿಕ್ಕೆ ಎಂದು ಯಾರಾದರೂ ಅಂದುಕೊಂಡಾರೆಯೇ? ಉಡಿಗೆ ಹಾಕಿದ್ದನ್ನು ವಾಪಸು ಕೇಳುವುದಂತೂ ಕನಸಿನ ಮಾತು. ಆದರೂ ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಣ್ಣುಮಕ್ಕಳು ಬಂದು ನನ್ನ ಕಾಲಿಗೆ ಬಿದ್ದರು. ಬಾಯಿ ಮುಚ್ಚಿದೆ.

ಬೀಳ್ಕೊಡುಗೆಯ ದಿನ ಹದಿನಾಲ್ಕು ಜನರೂ ಅವನ್ನು ತಾವೇ ಹೊಲಿದು, ತೊಟ್ಟು, ಸಾಲಾಗಿ ನಿಂತರು. ಹೊಲಿಗೆ ಮಾತ್ರ ಬಲು ಅಚ್ಚುಕಟ್ಟು. ಕಲಿಸಿದವಳು ನಾನಲ್ಲವೇ! ಶರಣಮ್ಮನವರು ಆ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದರು. ಐದೇ ನಿಮಿಷದಲ್ಲಿ ಆದೋನಿಯಿಂದ ಸರೋಜಕ್ಕನ ಸಂದೇಶ ಬಂತು: "ಮೂರನೇ ಹೆಣ್ಮಗಳು ತೊಟ್ಟಿರೋದು ನಮ್ಮ ಪಲ್ಲವಿದಲ್ಲೇನು?"

ಊರಿಗೆ ಬಂದವಳು ಚೀಲ ಇಳಿಸುವ ಮೊದಲೇ ಎದುರು ಮನೆಗೆ ಹೋದೆ. ಸರೋಜಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಧಾರೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಲ್ಲವಿ ಅಳುತ್ತಿದ್ದಳು. ಟ್ಯಾಂಕಿನ ಸುಳ್ಳು ನೆನಪಾಗಿ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ನಾನೂ ಪಲ್ಲವಿಯ ಪಕ್ಕದಲ್ಲಿ ಕೂತು ಅತ್ತೆ. ಕೊನೆಗೆ ಸರೋಜಕ್ಕನೇ ಎದ್ದಳು. "ಅತ್ತಿದ್ದು ಸಾಕು, ನಡಿ ಖಾದರ್ ಮಾಸ್ತರ ಹತ್ರ."

ಮಾಸ್ತರು ಸೀರೆಯನ್ನು ಉದ್ದಕ್ಕೆ ಬಿಡಿಸಿ ನೋಡಿದರು. "ಇಷ್ಟಕ್ಕ ಯಾಕ ಅಳ್ತೀರಮ್ಮಾ? ಒಳಗ ಸಿಗಿಸೋ ತುದಿ ಯಾರಿಗೂ ಕಾಣಲ್ಲ. ಜಾಕೀಟಿಗೆ ಬೇಕಾದಷ್ಟು ಅಲ್ಲಿಂದ ಕತ್ತರಿಸಿದ್ರ ಆಯ್ತು. ಒಂದು ನೆರಿಗಿ ಕಡಿಮಿ ಆಗ್ತೈತಿ, ಅಷ್ಟ." ಹದಿನೆಂಟು ವರ್ಷದ ಅನುಭವಸ್ಥೆಗೆ ಇದು ಹೊಳೆದಿರಲಿಲ್ಲ. ಉಳಿದ ಹದಿಮೂರು ಗಿರಾಕಿಗಳ ಮುಂದೆ ಹೊಸ ತುಂಡು ಹಿಡಿದು ತಲೆತಗ್ಗಿಸಿ ನಿಂತ ಕಥೆಯನ್ನು ನಾನು ಹೇಳುವುದಿಲ್ಲ.

ಲಗ್ನದ ದಿನ ಪಲ್ಲವಿಯ ರವಿಕೆಯನ್ನೇ ಎಲ್ಲರೂ ನೋಡುತ್ತಿದ್ದರು. ಬೆನ್ನ ಮೇಲೆ ಕಮಲದ ಎಸಳಿನ ಹಾಗೆ ಜರಿಯನ್ನು ಮಡಿಸಿ ಕೂರಿಸಿದ್ದರು ಮಾಸ್ತರು. ಬೀಗರ ಕಡೆಯ ಹೆಂಗಸೊಬ್ಬರು ಸರೋಜಕ್ಕನನ್ನು ಕೇಳಿಯೇಬಿಟ್ಟರು, "ಯಾರು ಹೊಲಿದಿದ್ರಿ ಇದನ್ನ?"

ನಾನು ಕಂಬದ ಹಿಂದೆ ಸರಿಯಲು ನೋಡಿದೆ. ಸರೋಜಕ್ಕ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು. "ಈಕಿನ. ನಮ್ಮ ನಾಗವೇಣಿ."

ಆ ಋಣವನ್ನು ಹೇಗೆ ತೀರಿಸಲಿ ಎಂದು ಯೋಚಿಸುವಷ್ಟರಲ್ಲಿ ಮೂವರು ಹೆಂಗಸರು ಸುತ್ತುವರಿದರು. "ನಮಗೂ ಇಂಥದ್ದೇ ಬೆನ್ನು ಬೇಕ್ರಿ!" ಇಲ್ಲವೆಂದರೆ ಸರೋಜಕ್ಕನ ಮಾತು ಸುಳ್ಳಾಗುತ್ತದೆ. ಹೂಂ ಎಂದೆ.

ಆ ಕಮಲ ನನಗೆ ಬರುವುದಿಲ್ಲ. ಆದ್ದರಿಂದ ಈಗ ದಿನಾ ಮಧ್ಯಾಹ್ನ ಖಾದರ್ ಮಾಸ್ತರ ಅಂಗಡಿಗೆ ಹೋಗಿ ಕಲಿಯುತ್ತೇನೆ. "ಹಿಂಗಲ್ಲಮ್ಮಾ, ಹೊಲಿಗಿ ಬಿಚ್ಚು," ಎನ್ನುತ್ತಾರೆ, ಬಿಚ್ಚುತ್ತೇನೆ. ಮೊನ್ನೆ ಒಬ್ಬ ಗಿರಾಕಿ ನನ್ನ ಕಡೆ ನೋಡಿ, "ಈಯಮ್ಮ ಯಾರು ಮಾಸ್ತರ?" ಎಂದು ವಿಚಾರಿಸಿದಳು.

ಮಾಸ್ತರು ಕತ್ತರಿಯಿಂದ ಕಣ್ಣೆತ್ತದೆ ಹೇಳಿದರು, "ಹೊಸಬರು. ಈಗೀಗ ಕಲಿಯಾಕ ಹತ್ಯಾರ."