ಬ್ರೇಕಣ್ಣನ ಸ್ಟ್ರಾಂಗ್ ಟೀ

"ನೋಡ್ತಾ ಇರು, ಇವತ್ತು ಸಾಹೇಬ್ರನ್ನ ಒಂದೇ ಗ್ಲಾಸಲ್ಲಿ ಗೆದ್ದುಬಿಡ್ತೀನಿ!" ಎಂದು ಸಾರಿ, ಬ್ರೇಕಣ್ಣ ಅಡುಗೆಮನೆಯ ಕಟ್ಟೆಯ ಮೇಲೆ ಐದು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ.

"ರೀ, ಬರ್ತಿರೋದು ಒಬ್ಬರೋ, ಇಡೀ ದಿಬ್ಬಣವೋ?" ಎಂದಳು ಹೆಂಡತಿ.

ಬ್ರೇಕಣ್ಣ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹೆಸರಿಟ್ಟವರು ಶಿಷ್ಯರು. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ತುಳಿದೂ ತುಳಿದೂ ಅವನ ಬಲಗಾಲಿಗೆ ಅದೇ ಚಟವಾಗಿತ್ತು. ಗಾಬರಿಯಾದರೆ ಸಾಕು, ಊಟದ ಮೇಜಿನ ಕೆಳಗೂ ತುಳಿಯುತ್ತಿದ್ದ, ನಿದ್ದೆಯಲ್ಲೂ ತುಳಿಯುತ್ತಿದ್ದ! ಒಮ್ಮೆ ಹೆಂಡತಿಗೆ ಕಾರು ಕಲಿಸಲು ಹೋಗಿ, ಬೀದಿಯ ತಿರುವು ಬರುವುದರೊಳಗೆ ಎಷ್ಟು ತುಳಿದನೆಂದರೆ, ಆಕೆ ಬಾಗಿಲನ್ನು ದಡಾರನೆ ಹಾಕಿ ನಡೆದೇ ಮನೆಗೆ ಬಂದಿದ್ದಳು. "ಅವಳ ಹಣೇಲಿ ಡ್ರೈವಿಂಗ್ ಬರೆದಿಲ್ಲ" ಎಂದು ಇವನು ಅಂದಿನಿಂದ ಊರಿಗೆಲ್ಲ ಡಂಗುರ ಹೊಡೆದಿದ್ದ.

ಈಗ ಸ್ಕೂಲಿಗೆ ಹೊಸ ಶಾಖೆ ಬರುವುದಿತ್ತು. ಅದಕ್ಕೊಬ್ಬ ಹೆಡ್ ಮೇಷ್ಟ್ರು ಬೇಕು. ಸ್ವಂತ ಕೋಣೆ, ತಿರುಗುವ ಕುರ್ಚಿ, ಕಾಲಡಿಯಲ್ಲಿ ಬ್ರೇಕೇ ಇಲ್ಲ! ಆ ಕುರ್ಚಿಗಾಗಿ ಬ್ರೇಕಣ್ಣನ ಜೀವ ಹಗಲಿರುಳೂ ಚಡಪಡಿಸುತ್ತಿತ್ತು. ಅಡ್ಡವಿದ್ದವನು ಒಬ್ಬನೇ: ಹೋದ ವರ್ಷ ಸೇರಿದ, ಶಿಷ್ಯರು ಇಂಡಿಕೇಟರ್ ಎಂದು ಕರೆಯುವ ಇನ್ನೊಬ್ಬ ಮೇಷ್ಟ್ರು. ಹೊಟ್ಟೆಕಿಚ್ಚಿಗೆ ಬ್ರೇಕಣ್ಣ ಅವನ ಮುಖವನ್ನು ಅದುವರೆಗೆ ನೆಟ್ಟಗೆ ನೋಡಿಯೇ ಇರಲಿಲ್ಲ. ಸ್ಕೂಲಿನ ಮಾಲೀಕರಾದ ಸಾಹೇಬರು ಸಂಜೆ ಮನೆಗೇ ಬರುತ್ತೇನೆಂದಾಗ ಬ್ರೇಕಣ್ಣ ಅವನನ್ನೇ ಕೇಳಿದ್ದ, "ಸಾಹೇಬ್ರಿಗೆ ಏನಿಷ್ಟ?"

"ಸ್ಟ್ರಾಂಗ್ ಟೀ ಅಂದ್ರೆ ಪ್ರಾಣ" ಎಂದ ಇಂಡಿಕೇಟರ್. ಎಂದವನೇ ಎಡಗಣ್ಣು ಹೊಡೆದ!

ಕಣ್ಣು ಹೊಡೆದು ಹೇಳಿದ ಮೇಲೆ ಅದು ಸಾದಾ ಟೀ ಆಗಿರುತ್ತದೆಯೇ, ನೀವೇ ಹೇಳಿ! ಬ್ರೇಕಣ್ಣ ಫೋನಿನಲ್ಲಿ ಹುಡುಕಿದ. ಸಿಕ್ಕಿತು, ಲಾಂಗ್ ಐಲ್ಯಾಂಡ್ ಐಸ್ ಟೀ. ಬಣ್ಣ ಟೀಯದು, ಹೆಸರು ಟೀಯದು, ಒಳಗೆ ಮಾತ್ರ ವೋಡ್ಕಾ, ಜಿನ್, ರಮ್ಮು, ಟಕೀಲಾ, ಮೇಲೊಂದು ಕಿತ್ತಳೆಯ ಮದ್ಯ.

"ಟೀ ಅಂದ್ರೆ ಟೀ ಕೊಡೋದಪ್ಪ. ನಾನೇ ಕುದಿಸ್ತೀನಿ" ಎಂದಳು ಹೆಂಡತಿ.

"ಆಫೀಸಿನ ಸನ್ನೆಗಳು ನಿನಗೇನೇ ಗೊತ್ತು!"

ಅಳತೆಗೆ ಕೆಮ್ಮಿನ ಔಷಧದ ಮುಚ್ಚಳ ಹಿಡಿದು ಶುರುಮಾಡಿದ. ಅಷ್ಟು ತಾಳ್ಮೆ ಯಾರಿಗಿದೆ? ಬಾಟಲಿಗಳನ್ನೇ ಬಗ್ಗಿಸಿದ. ನಿಂಬೆರಸ ಹಿಂಡಿದ. ಕೋಲಾವನ್ನೂ ಫ್ಲಾಸ್ಕಿಗೆ ಸುರಿದು, ಬಿರಡೆ ಹಾಕಿ, ಮಂತ್ರವಾದಿಯ ಗತ್ತಿನಲ್ಲಿ ಕುಲುಕಿದ. ಕುಲುಕಿದ ಮೇಲೆ ಹಾಕಬೇಕಾದದ್ದು ಕೋಲಾ! ಢಂ! ಬಿರಡೆ ಸೂರಿಗೆ ಬಡಿಯಿತು, ಅದರ ಹಿಂದೆಯೇ ಟೀಯೂ ಹಾರಿತು.

"ಮಹಡಿ ಮನೆಯವರಿಗೂ ಒಂದು ಗ್ಲಾಸ್ ಆಯ್ತು ಬಿಡಿ" ಎಂದಳು ಹೆಂಡತಿ, ತಲೆ ಒರೆಸಿಕೊಳ್ಳುತ್ತಾ.

ಎರಡನೆಯ ಸಲಕ್ಕೆ ಕೋಲಾ ಮುಗಿದಿತ್ತು. ಬಣ್ಣ ಬರಬೇಡವೇ? ಮುಖ ತಗ್ಗಿಸಿ ಕೇಳಿದ, "ಒಂದು ಚಮಚ ಟೀ ಡಿಕಾಕ್ಷನ್ ಕೊಡೇ."

"ಅಂತೂ ಟೀಗೆ ಟೀ ಬಂತು!"

ಬ್ರೇಕಣ್ಣ ರುಚಿ ನೋಡಿದ. ಹುಳಿ ಹೆಚ್ಚಾಗಿತ್ತು. ಸರಿಮಾಡಿ ಮತ್ತೆ ನೋಡಿದ. ಖಾತ್ರಿಗೆ ಇನ್ನೊಮ್ಮೆ ನೋಡಿದ.

ಅಷ್ಟರಲ್ಲಿ ಸಾಹೇಬರು ತಮ್ಮ ಹೊಸ ಕಾರನ್ನು ತಾವೇ ಓಡಿಸಿಕೊಂಡು ಬಂದೇಬಿಟ್ಟರು. "ಹಾಳು ನೆಗಡಿ ಕಣ್ರೀ, ಮೂಗು ಕಟ್ಟಿದೆ. ಒಂದು ಸ್ಟ್ರಾಂಗ್ ಟೀ ಸಿಕ್ಕಿದ್ರೆ ಸಾಕು" ಎಂದರು.

ಬ್ರೇಕಣ್ಣ ಎತ್ತರದ ಗ್ಲಾಸು ಕೊಟ್ಟ. "ತಣ್ಣನೆಯ ಟೀ ಸಾರ್. ನಮ್ಮನೆ ಸ್ಪೆಷಲ್ಲು!"

ಸಾಹೇಬರು ಗಟಗಟನೆ ಕುಡಿದರು. "ಆಹಾ! ತಣ್ಣಗಿದ್ರೂ ಎದೆ ಬೆಚ್ಚಗಾಯ್ತಲ್ರೀ! ಇನ್ನೊಂದು ಕೊಡಿ." ಅದೂ ಖಾಲಿಯಾಯಿತು. ತುಟಿ ಒರೆಸಿಕೊಂಡು ನುಡಿದರು, "ನಮ್ಮ ವಂಶದಲ್ಲೇ ಯಾರೂ ಮದ್ಯ ಮುಟ್ಟಿದವರಲ್ಲ. ನನಗಿರೋದು ಟೀ ಒಂದೇ ಚಟ."

ಮೇಜಿನ ಕೆಳಗೆ ಬ್ರೇಕಣ್ಣನ ಕಾಲು ದಬದಬ ತುಳಿಯತೊಡಗಿತು. ಅಡುಗೆಮನೆಗೆ ಓಡಿ ಪಿಸುಗುಟ್ಟಿದ, "ಅಯ್ಯೋ, ಆ ಇಂಡಿಕೇಟರ್ ಕಣ್ಣು ಹೊಡೆದು ಕೈಕೊಟ್ಟ ಕಣೇ!"

"ಕಣ್ಣು ಹೊಡೆದದ್ದಲ್ಲ ಕಣ್ರೀ! ಅವರ ಎಡಗಣ್ಣು ಹುಟ್ಟಿದಾಗಿಂದ ಹಾಗೇ ಮಿಟುಕುತ್ತೆ. ಅದಕ್ಕೇ ತಾನೆ ಆ ಹೆಸರು?"

"ನಿನಗೆ ಹೇಗೆ ಗೊತ್ತು?"

ಉತ್ತರ ಬರುವ ಮೊದಲೇ ಹೊರಗಿನಿಂದ ಹಾಡು ಕೇಳಿಸಿತು. ಸಾಹೇಬರು ರಸ್ತೆ ನಿಯಮಗಳಿಗೆ ರಾಗ ಹಾಕಿದ್ದರು! ಇವನನ್ನು ಕಂಡವರೇ ತಬ್ಬಿಕೊಂಡು ಘೋಷಿಸಿದರು, "ಹೊಸ ಶಾಖೆಗೆ ನೀವೇ ಹೆಡ್ಡು! ತೀರ್ಮಾನ ಆಗೋಯ್ತು! ಬರ್ತೀನಿ, ಕಾರ್ ತೆಗೀತೀನಿ."

ಕುರ್ಚಿ ಸಿಕ್ಕಿತು! ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಆದರೆ ಸಾಹೇಬರು ಕಾರಿನ ಕೀಯನ್ನು ಗೋಡೆಯ ಸ್ವಿಚ್ಚಿಗೆ ತುರುಕಲು ನೋಡುತ್ತಿದ್ದರು. ಕುಡಿದು ಓಡಿಸಬೇಡಿ ಎಂಬುದು ಬ್ರೇಕಣ್ಣನ ಮೊದಲ ದಿನದ ಪಾಠ. ಅವನಿಗೆ ಅಳುವೇ ಬಂದಂತಾಯಿತು.

"ಸಾರ್, ಕೀ ಕೊಡಿ. ಅದು ಟೀ ಅಲ್ಲ. ಅದರಲ್ಲಿ ಟೀ ಒಂದು ಚಮಚ, ಮಿಕ್ಕಿದ್ದು ಐದು ಬಾಟಲಿ!"

ಸಾಹೇಬರು ಗ್ಲಾಸನ್ನೂ ಅವನನ್ನೂ ನೋಡಿದರು. "ಹಾಗಾದ್ರೆ ನೀವೇ ಓಡಿಸಿ."

"ನಾನೂ ರುಚಿ ನೋಡಿದೀನಿ ಸಾರ್. ಆಗಾಗ."

ಹೊಸ ಕಾರು ಬಿಟ್ಟು ಟ್ಯಾಕ್ಸಿ ಹತ್ತಲು ಸಾಹೇಬರು ಸುತರಾಂ ಒಪ್ಪಲಿಲ್ಲ. ಹೆಂಡತಿ ಬಂದು ಕೀ ಕಸಿದುಕೊಂಡಳು. "ಹತ್ತಿ ಇಬ್ಬರೂ."

ದಾರಿಯುದ್ದಕ್ಕೂ ಬ್ರೇಕಣ್ಣ ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ತುಳಿದೇ ತುಳಿದ. ಕಾಲಡಿಯ ಮ್ಯಾಟು ಹರಿಯಿತು. ಕಾರು ಮಾತ್ರ ಒಮ್ಮೆಯೂ ಕುಲುಕದೆ ಸಾಗಿತು.

ಹಿಂದಿನಿಂದ ಸಾಹೇಬರು ಕೇಳಿದರು, "ಎಷ್ಟು ನಯವಾಗಿ ಓಡಿಸ್ತೀರಮ್ಮ! ಕಲಿಸಿದ್ದು ಯಾರು?"

ಬ್ರೇಕಣ್ಣ ಎದೆ ಉಬ್ಬಿಸಿದ.

"ಇಂಡಿಕೇಟರ್ ಮೇಷ್ಟ್ರು ಸಾರ್, ಲೈಸೆನ್ಸೂ ಅವರೇ ಕೊಡಿಸಿದ್ದು. ಬೆಳಗಿನ ಬ್ಯಾಚಲ್ಲಿ. ಇವರು ಏಳೋಕೆ ಮುಂಚೆ."

ಉಬ್ಬಿದ ಎದೆ ಅಲ್ಲೇ ಪಂಕ್ಚರ್! ತಿರುಗುವ ಕುರ್ಚಿ ಇಂಡಿಕೇಟರ್ ಕಡೆಗೆ ತಿರುಗಿತು. ಅದರಲ್ಲಿ ಕೂತ ಮೊದಲ ದಿನವೇ ಅವನು ಬ್ರೇಕಣ್ಣನನ್ನು ಕರೆದು ಹೇಳಿದ, "ನೀವು ನಿಜ ಹೇಳಿ ಕೀ ಕೇಳಿದ್ದು ಸಾಹೇಬ್ರಿಗೆ ಮೆಚ್ಚುಗೆ ಆಗಿದೆ. ಈ ಭಾನುವಾರ ಮತ್ತೆ ನಿಮ್ಮನೆಗೆ ಟೀಗೆ ಬರ್ತಾರಂತೆ." ಎಡಗಣ್ಣು ಮಿಟುಕಿತು.

ಯಾವ ಟೀ? ಬ್ರೇಕಣ್ಣ ಮನೆಗೆ ಓಡಿಬಂದು, ನಿಂತಲ್ಲೇ ನೆಲ ತುಳಿಯುತ್ತಾ ಹೆಂಡತಿಯನ್ನು ಕೇಳಿದ, "ಈಗೇನೇ ಮಾಡ್ಲಿ?"

ಆಕೆ ಒಲೆಯ ಪಕ್ಕದ ಸ್ಟೂಲನ್ನು ತೋರಿಸಿದಳು. "ಟೀ ನಾನು ಮಾಡ್ತೀನಿ. ನೀವು ಪಕ್ಕದ ಸೀಟಲ್ಲಿ ಕೂತಿರಿ. ಕಾಲು ಮಡಚಿಕೊಂಡು!"