ಗುಂಡು, ಬಟ್ಟಲು ಮತ್ತು ನಾನೊಬ್ಬನೇ

ಗಂಡನಾದವನು ಹೆಂಡತಿಯ ಎದುರು ‘ನಾನೊಬ್ಬನೇ ಮಾಡ್ತೀನಿ’ ಎಂಬ ಮಾತು ಆಡಬಾರದು. ಆಡಲೇಬೇಕೆಂದಿದ್ದರೆ ಕೈಲಾಗುವ ಕೆಲಸದ ಬಗ್ಗೆ ಆಡಬೇಕು: ಊಟ, ನಿದ್ದೆ, ಟೀವಿಯ ರಿಮೋಟು ಹುಡುಕುವುದು. ಕೊನೆಯದು ನನ್ನ ಮಟ್ಟಿಗೆ ಅನುಮಾನ. ಇಷ್ಟೆಲ್ಲ ತಿಳಿದವನಾದ ನಾನು ಆ ಮಾತನ್ನು ಒಂದು ಇಡೀ ಮನೆಯ ಬಗ್ಗೆ ಆಡಿಬಿಟ್ಟೆ, ಅದೂ ಚಕ್ರವಿರುವ ಮನೆ.

ತೆಲುಗು ಸೀಮೆಯ ಗಡಿಯೂರು ಆದವಾನಿಯಲ್ಲಿ ಹತ್ತಿ ಬಿಡಿಸುವ ಜಿನ್ನುಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ ನನ್ನದು. ಸುಗ್ಗಿಯಲ್ಲಿ ಅಂಗಡಿ ಬಿಡುವುದಿಲ್ಲ, ಸುಗ್ಗಿ ಮುಗಿದರೆ ಬಿಸಿಲು ಬಿಡುವುದಿಲ್ಲ. ಹೀಗಾಗಿ ನನ್ನ ಹೆಂಡತಿ ಶಿವಲೀಲಾ ಮದುವೆಯಾದ ಮೇಲೆ ನೋಡಿದ ಊರುಗಳೆಲ್ಲ ಬೇರೆಯವರ ಫೋನಿನಲ್ಲಿ. ಆಕೆಯ ತವರು ತುಂಗಭದ್ರೆಯ ದಂಡೆಯ ಮಾಧವರಂ. ಅಲ್ಲಿಗಾದರೂ ಹೋಗಿ ನಾಲ್ಕು ದಿನ ಇದ್ದು ಬಾ ಎಂದರೆ ಆಕೆ ಒಂದು ಸಲ ಹೇಳಿದಳು: “ತವರಿಗಿ ಹೋದ್ರ ನಾ ಒಲಿ ಮುಂದ ಇರ್ತೀನಿ, ಹೊಳಿ ಹೊಳಿ ಇದ್ದಲ್ಲೇ ಇರ್ತೈತಿ. ನನಗ ಸುಮ್ನ ಕುಂತು ಹೊಳಿ ನೋಡಬೇಕಾಗೈತಿ.”

ಮಾತು ಮನಸ್ಸಿಗೆ ನಾಟಿತು. ಹಳೆಯ ಎರಡು ಚಕ್ರದ ಟ್ರೇಲರ್ ಒಂದನ್ನು ಕೊಂಡು, ವೆಲ್ಡಿಂಗ್ ಅಂಗಡಿಯಲ್ಲಿ ಅದರ ಮೇಲೆ ತಗಡಿನ ಕೋಣೆ ಕಟ್ಟಿಸಿದೆ. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ. ಹೊರಗೆ ಹಸಿರು ಬಣ್ಣ. ಜನ ಅದನ್ನು ಕ್ಯಾರವಾನ್ ಎಂದು ಕರೆಯಲಿ ಎಂಬುದು ನನ್ನ ಆಸೆ. ಓಣಿಯವರು ಮಂಡಕ್ಕಿ ಒಗ್ಗಾಣಿ ಮಾರುವ ಬಂಡಿ ಎಂದರು. ಒಬ್ಬರಂತೂ, ಮಿರ್ಚಿ ಬೆಳಿಗ್ಗೆಯೇ ಸಿಗುತ್ತದೋ ಸಂಜೆಗೋ ಎಂದು ವಿಚಾರಿಸಿಕೊಂಡು ಹೋದರು.

ಇದನ್ನು ನನ್ನ ಜೀಪಿಗೆ ಕೂಡಿಸುವ ವ್ಯವಸ್ಥೆ ಕೇಳಲು ಸುಲಭ. ಜೀಪಿನ ಹಿಂದೆ ಒಂದು ಕಬ್ಬಿಣದ ಗುಂಡು. ಬಂಡಿಯ ಮೂತಿಯಲ್ಲಿ ಬೋರಲು ಹಾಕಿದ ಬಟ್ಟಲು. ಗುಂಡಿನ ನೆತ್ತಿಯ ಮೇಲೆ ಬಟ್ಟಲು ಇಳಿಯಬೇಕು, ಹಿಡಿ ಒತ್ತಬೇಕು, ಗಂಟು ಬಿತ್ತು. ತೊಡಕು ಏನೆಂದರೆ, ಸ್ಟೇರಿಂಗ್ ಹಿಡಿದವನಿಗೆ ಗುಂಡು ಕಾಣುವುದಿಲ್ಲ, ಗುಂಡು ಕಾಣುವವರ ಕೈಯಲ್ಲಿ ಸ್ಟೇರಿಂಗ್ ಇರುವುದಿಲ್ಲ. ಮೊದಲ ದಿನ ಶಿವಲೀಲಾ ಹಿಂದೆ ನಿಂತು ದಾರಿ ಹೇಳಿದಳು. ಆಕೆ ಓದಿದ್ದು ತೆಲುಗಿನಲ್ಲಿ. ಬೈಗುಳವೆಲ್ಲ ಕನ್ನಡದಲ್ಲಿ ಬರುತ್ತದೆ, ಲೆಕ್ಕ ಮತ್ತು ದಿಕ್ಕು ಮಾತ್ರ ತೆಲುಗಿನಲ್ಲೇ. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಆಕೆ ಓಣಿಗೆಲ್ಲ ಕೇಳುವಂತೆ “ಕುಡಿ, ಇನ್ನಾ ಕುಡಿ, ಸಾಲದು, ಕುಡಿ” ಎಂದು ಹೇಳುತ್ತಿದ್ದರೆ, ಬಳ್ಳಾರಿಯಿಂದ ಹೊಸದಾಗಿ ಬಾಡಿಗೆಗೆ ಬಂದಿದ್ದ ಎದುರುಮನೆಯವರು ಬಾಗಿಲಿಗೆ ಬಂದು ನನ್ನ ಕೈಯಲ್ಲಿ ಬಾಟಲಿ ಹುಡುಕಿದರು. ಅದು ಆಕೆಯ ಬಲವೋ ನನ್ನ ಬಲವೋ ಎಂದು ಇತ್ಯರ್ಥವಾಗುವಷ್ಟರಲ್ಲಿ ಜೀಪಿನ ಮೂಲೆ ಹೋಗಿ ಹೊಸ ತಗಡಿಗೆ ಬಡಿದು, ಅಲ್ಲಿ ಇನ್ನೊಂದು ಬಟ್ಟಲು ತಯಾರಾಯಿತು.

ಆಗ ನಾನು ಆಡಿದೆ, ಆಡಬಾರದ ಮಾತು. “ನೀ ದೂರ ಸರಿ. ನಾನೊಬ್ಬನ ಮಾಡ್ತೀನಿ.”

“ಮಾಡ್ರಿ” ಎಂದಳು ಶಿವಲೀಲಾ. ಅದರಲ್ಲಿ ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. ಇರಲಿಲ್ಲ. ಒಳಗೆ ಹೋಗಿ ಮಾಧವರಂನಲ್ಲಿರುವ ಅಣ್ಣ ಬಸವರಾಜನಿಗೆ ಫೋನು ಮಾಡಿ, ನನಗೆ ಕೇಳಿಸುವಷ್ಟು ಮೆಲ್ಲಗೆ, ರವಿವಾರ ಬರುವುದು ಖಾತ್ರಿ, ಬಂಡಿ ಕೂಡಿದರೆ ಬಂಡಿಯಲ್ಲಿ, ಇಲ್ಲದಿದ್ದರೆ ಬಸ್ಸಿನಲ್ಲಿ ಎಂದಳು. ಹೊಳೆಯ ದಂಡೆಗೆ ಸ್ವಂತ ಮನೆ ತರುತ್ತೇನೆಂದು ಹೆಂಡತಿಯ ತವರಿಗೆಲ್ಲ ಹೇಳಿಕೊಂಡಿದ್ದ ಅಳಿಯ ಕೈಚೀಲ ಹಿಡಿದು ಬಸ್ಸಿನಿಂದ ಇಳಿಯುವ ದೃಶ್ಯ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆದವಾನಿಯಲ್ಲಿ ಒಂದು ಕೆಲಸವನ್ನು ಒಬ್ಬನೇ ಮಾಡಬೇಕಾದರೆ ಮೊದಲು ಸಹಾಯಕರನ್ನು ಓಡಿಸುವ ಶಕ್ತಿ ಬೇಕು. ನಾನು ಜೀಪು ಹಿಂದಕ್ಕೆ ಬಿಡುವುದು, ಇಳಿದು ನೋಡುವುದು, ಗುಂಡು ಒಂದು ಗೇಣು ಎಡಕ್ಕಿರುವುದು, ಮತ್ತೆ ಹತ್ತಿ ಸರಿಪಡಿಸಿದರೆ ಒಂದೂವರೆ ಗೇಣು ಬಲಕ್ಕೆ ಹೋಗಿರುವುದು, ಇದು ನಡೆದಂತೆಲ್ಲ ಜನ ಕೂಡಿತು. ಒಬ್ಬರು ತೆಲುಗಿನಲ್ಲಿ ಹಿಂದಕ್ಕೆ ಕರೆದರೆ ಇನ್ನೊಬ್ಬರು ಕನ್ನಡದಲ್ಲಿ ಮುಂದಕ್ಕೆ ಕಳಿಸುತ್ತಿದ್ದರು. ಪಕ್ಕದ ಮನೆಯ ಖಾಜಾ ಸಾಬರು ಸಾಕು ಎಂಬರ್ಥದಲ್ಲಿ “ಬಸ್, ಬಸ್” ಎಂದಾಗ ಒಬ್ಬ ಮುದುಕಪ್ಪ ಬಸ್ಸಿಗೆ ದಾರಿ ಬಿಟ್ಟು ಚರಂಡಿಯ ಕಡೆ ಸರಿದು ನಿಂತ.

ಮರುದಿನ ನನಗೊಂದು ಉಪಾಯ ಹೊಳೆಯಿತು. ಗುಂಡಿನ ನೇರಕ್ಕೆ ಜೀಪಿಗೆ ಒಂದು ಉದ್ದ ಕೋಲು, ಬಟ್ಟಲಿನ ಹಿಂದೆ ಒಂದು ಉದ್ದ ಕೋಲು ಕಟ್ಟಿದೆ. ಕನ್ನಡಿಯಲ್ಲಿ ಎದ್ದು ಕಾಣಲೆಂದು ಎರಡರ ತುದಿಗೂ ಅಡುಗೆಮನೆಯಿಂದ ತಂದ ನಿಂಬೆಹಣ್ಣು ಚುಚ್ಚಿದೆ. ಕನ್ನಡಿಯಲ್ಲಿ ಎರಡು ಹಣ್ಣು ಒಂದಾದರೆ ಗುಂಡು, ಬಟ್ಟಲು ಒಂದೇ ಗೆರೆಗೆ ಬಂದಂತೆ. ಶುದ್ಧ ವಿಜ್ಞಾನ. ಅವತ್ತು ಅಮಾವಾಸ್ಯೆ ಎಂಬುದೊಂದು ನನಗೆ ಗೊತ್ತಿರಲಿಲ್ಲ.

ಸಲಹೆ ಕೊಡಲು ಬಂದವರೆಲ್ಲ ನಿಂಬೆಹಣ್ಣು ನೋಡಿ ಅಷ್ಟು ದೂರದಲ್ಲೇ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಖಾಜಾ ಸಾಬರೊಬ್ಬರೇ ಸ್ನೇಹದ ಸಲುಗೆಯಿಂದ ಕಾಂಪೌಂಡಿನ ಆಚೆಯಿಂದ ಕೇಳಿದರು: “ಯಾರ ಮ್ಯಾಲ ಮಾಡಾಕತ್ತೀರಿ, ಭಾಯ್? ನಮ್ಮ ಕಡಿ ಅಲ್ಲಲ್ಲ?” ಅಲ್ಲ ಎಂದು ಭರವಸೆ ಕೊಟ್ಟ ಮೇಲೆ ಅವರೂ ಒಳಗೆ ಹೋದರು. ಖಾಲಿ ಓಣಿಯಲ್ಲಿ ನಾನು ಜೀಪನ್ನು ಇರುವೆಯಂತೆ ಹಿಂದಕ್ಕೆ ಬಿಟ್ಟೆ. ಹಣ್ಣು ಎರಡೂ ಒಂದಾದವು. ಇಳಿದು ಬಂಡಿಯ ಮೂತಿ ತಗ್ಗಿಸಿದೆ. ಟಕ್ ಎಂದಿತು. ಜನ್ಮದಲ್ಲಿ ಅಷ್ಟು ಇಂಪಾದ ಸದ್ದು ಕೇಳಿರಲಿಲ್ಲ. ಸುತ್ತ ನೋಡಿದರೆ ಶಹಬ್ಬಾಸ್ ಎನ್ನಲು ಒಂದು ಆಡು ಕೂಡ ಇಲ್ಲ. ಶಿವಲೀಲಾಳನ್ನು ಕರೆದು ತೋರಿಸಿದೆ. ಆಕೆ ಎರಡೂ ಕೋಲಿನಿಂದ ಹಣ್ಣು ಕಿತ್ತುಕೊಂಡು, ಉಪ್ಪಿನಕಾಯಿಗೆಂದು ಇಟ್ಟ ಹಣ್ಣೇ ಬೇಕಾಗಿತ್ತೇ ಎಂದು ಕೇಳಿ ಒಳಗೆ ಹೋದಳು.

ರವಿವಾರ ಕೋಸಗಿ ದಾಟಿ ಮಾಧವರಂಗೆ ಮೆರವಣಿಗೆಯಂತೆ ಹೋದೆವು. ಹೊಳೆಗೆ ಮುಖ ಮಾಡಿ ಬಂಡಿ ನಿಲ್ಲಿಸಿದೆ. ಬಸವರಾಜ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಸುತ್ತು ಹಾಕಿ ನೋಡಿ, “ನೀವೊಬ್ಬರ ಕೂಡಿಸಿದ್ರೇನು, ಭಾವ?” ಎಂದ. ಅದರಲ್ಲೇನಿದೆ ಎನ್ನುವಂತೆ ಹುಬ್ಬು ಏರಿಸಿದೆ. ಅವರು ಹೋದ ಮೇಲೆ ಜೀಪು ಬಿಡಿಸಲು ಹಿಡಿ ಎತ್ತಿದರೆ ಅದು ಅಲ್ಲಾಡಲಿಲ್ಲ. ಇಳಿಜಾರಿನಲ್ಲಿ ಬಂಡಿ ತನ್ನ ಭಾರಕ್ಕೆ ಗುಂಡನ್ನು ಹಿಂದಕ್ಕೆ ಜಗ್ಗಿ ಹಿಡಿದಿತ್ತು. ಒಬ್ಬರು ಜೀಪನ್ನು ತುಸು ಹಿಂದಕ್ಕೆ ಬಿಟ್ಟು ಹಿಡಿದಿರಬೇಕು, ಅದೇ ಗಳಿಗೆಗೆ ಇನ್ನೊಬ್ಬರು ಹಿಡಿ ಎತ್ತಬೇಕು. ಒಬ್ಬನೇ ಕೂಡಿಸುವುದನ್ನು ಕಲಿತಿದ್ದೆ. ಬಿಡಿಸುವ ವಿಚಾರ ತಲೆಗೇ ಬಂದಿರಲಿಲ್ಲ.

ಹೇಳಲು ನಾಚಿಕೆ. ಗಾಳಿ ಜೋರಾಗಿದೆ, ಜೀಪಿಗೆ ಕಟ್ಟಿದ್ದರೇ ಭದ್ರ ಎಂದುಬಿಟ್ಟೆ. ಅಂದಿನಿಂದ ನಾನು ಹಾಲಿಗೆ ಹೋದರೂ ಮನೆ ಸಮೇತ, ಎಲೆ ಅಡಿಕೆಗೆ ಹೋದರೂ ಮನೆ ಸಮೇತ. ಊರವರು ಈ ಬಂಡಿ ಯಾವ ಪಕ್ಷದ ಪ್ರಚಾರದ್ದು ಎಂದು ಕೇಳತೊಡಗಿದರು. ಒಂದು ಮಧ್ಯಾಹ್ನ ಶಿವಲೀಲಾ ಒಳಗೆ ಮಲಗಿದ್ದಳು. ಎಬ್ಬಿಸುವುದೇಕೆ ಎಂದು ಹಾಗೆಯೇ ಹೊರಟೆ. ಎದ್ದವಳು ಹೊಳೆ ನೋಡೋಣವೆಂದು ಪರದೆ ಸರಿಸಿದರೆ ಎದುರಿಗೆ ಹಾಲಿನ ಡೈರಿ, ಅಲ್ಲಿ ಕ್ಯಾನು ತೊಳೆಯುತ್ತಿದ್ದ ಅಪರಿಚಿತ ಗಂಡಸು.

ದಂಡೆಗೆ ಮರಳಿ ಜೀಪಿನಿಂದ ಇಳಿದೆ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಆಕೆ ಹೊಳೆಯನ್ನೇ ನೋಡುತ್ತ ಹೇಳಿದಳು: “ನಾ ಬಂದಿದ್ದು ಸುಮ್ನ ಕುಂದ್ರಾಕ. ಮದ್ವಿ ಆದಾಗಿಂದ ಇದೊಂದ ಕೇಳೀನಿ. ಈ ಮನಿ ಒಂದು ಕಡಿ ನಿಂದ್ರವಲ್ದು.”

ನನಗೆ ನಗು ಬರಲಿಲ್ಲ. ಹಿಡಿ ಏಳುತ್ತಿಲ್ಲ ಎಂದೆ. ಗೊತ್ತು ಎಂದಳು. ಬಂದ ದಿನವೇ ನಾನು ಅದನ್ನು ಕಲ್ಲಿನಿಂದ ಕುಟ್ಟುವುದನ್ನು ಕಿಟಕಿಯಿಂದ ನೋಡಿದ್ದಳಂತೆ. ಕೆಳಗಿಳಿದು ಸೆರಗು ಸಿಕ್ಕಿಸಿ, ಬಂಡಿಯ ಚಕ್ರಕ್ಕೆ ಕಲ್ಲು ಕೊಟ್ಟು, ಜೀಪಿನಲ್ಲಿ ಕೂತುಕೊಳ್ಳಲು ಹೇಳಿದಳು. ನಾನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟೆ, ಆಕೆ ಹಿಡಿ ಎತ್ತಿದಳು, ಬಿಟ್ಟುಕೊಂಡಿತು. ಅಲ್ಲಿಂದ ಮುಂದಿನ ದಿನಗಳಲ್ಲಿ ಆಕೆ ಹೊಳೆ ನೋಡಿದಳು. ಅಡುಗೆ ನಾನು ಮಾಡಿದೆ. ಅದರ ವಿಷಯ ಬೇಡ.

ಹೊರಡುವ ದಿನ ಹೇಳುವ ಮೊದಲೇ ಆಕೆ ಬಂಡಿಯ ಮೂತಿಯ ಹತ್ತಿರ ಹೋಗಿ ಮೊಣಕಾಲೂರಿ ಕೂತು, ಬಾಯಿ ಬಿಡದೆ ಕೈಯಲ್ಲೇ ದಾರಿ ತೋರಿಸಿದಳು. ಒಂದೇ ಸಲಕ್ಕೆ ಕೂಡಿತು. ಬೀಳ್ಕೊಡಲು ಬಂದ ಬಸವರಾಜ ಬಂಡಿಯ ಆಚೆ ಬದಿಗೆ ನಿಂತಿದ್ದ, ತಂಗಿ ಅವನಿಗೆ ಕಾಣುತ್ತಿರಲಿಲ್ಲ. “ಒಂದ ಕೈಲೆ ಕೂಡಿಸಿಬಿಟ್ರಲ್ಲ, ಭಾವ” ಎಂದು ಮನೆಮಂದಿಗೆಲ್ಲ ಕೇಳುವಂತೆ ಹೇಳಿದ. ಕನ್ನಡಿಯಲ್ಲಿ ಶಿವಲೀಲಾ ಮೊಣಕಾಲಿನ ಧೂಳು ಕೊಡವುತ್ತ ಏಳುತ್ತಿದ್ದಳು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಭ್ಯಾಸವಾದರೆ ಏನೂ ಕಷ್ಟವಿಲ್ಲ ಎಂದೆ.